ಯಾರಾದರೊಬ್ಬರು ಮಲಗಿರುವ ಮನೆ

ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಗಂಡ, ಮೈದುನ ಇಬ್ಬರಿಗೂ ಕಾರ್ಖಾನೆಯಲ್ಲಿ ಕೆಲಸ. ಅವರ ಜೊತೆ ಅತ್ತೆ. ನಮ್ಮ ನಾಲ್ಕು ಜನಕ್ಕೆ ಸಿಕ್ಕಿದ್ದ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ, ಅದರ ಹಿಂದೆ ಅಡಿಗೆಮನೆ, ಮುಂದೆ ಬೀದಿಗೆ ಮುಖ ಮಾಡಿದ ಸಣ್ಣ ಜಗಲಿ. ಅಡಿಗೆಮನೆಗೆ ಹಿಂಬಾಗಿಲೇನೋ ಇತ್ತು. ಅದು ತೆರೆಯುತ್ತಿದ್ದುದು ನಾಲ್ಕು ಗೋಡೆಗಳ ನಡುವಿನ ಬಚ್ಚಲಂಗಳಕ್ಕೆ.

ಕಾರ್ಖಾನೆ ದಿನಕ್ಕೆ ಮೂರು ಸಲ ಕೂಗುತ್ತಿತ್ತು: ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ. ಅಣ್ಣ ತಮ್ಮಂದಿರ ಶಿಫ್ಟು ಒಂದೇ ಆಗಿದ್ದ ವಾರ ನನಗೆ ನೆನಪಿಲ್ಲ. ಯಾರು ಯಾವಾಗ ಬಂದರೂ ಬಿಸಿ ಅನ್ನ ಬಡಿಸಬೇಕು. ಹಾಗಾಗಿ ಒಲೆ ಆರುತ್ತಲೇ ಇರಲಿಲ್ಲ. ಅದಕ್ಕಿಂತ ಕಷ್ಟವೆಂದರೆ, ಕೋಣೆಯಲ್ಲಿ ಹಗಲು ಹೊತ್ತು ಯಾರಾದರೊಬ್ಬರು ಮಲಗಿರುತ್ತಿದ್ದರು. ನಾನು ಒರಳಿಗೆ ಕೈ ಹಾಕಿದರೆ ಅತ್ತೆ ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಡುತ್ತಿದ್ದರು. ಮಲಗಿದವರನ್ನು ದಾಟದೆ ಬೀದಿಬಾಗಿಲಿಗೆ ಹೋಗುವಂತಿರಲಿಲ್ಲ. ಮಲಗಿರುವುದು ಮೈದುನನಾದರೆ ದಾಟುವ ಮಾತೇ ಇಲ್ಲ. ಬೆಳಿಗ್ಗೆ ಅಡಿಗೆಮನೆಗೆ ಹೋದವಳು ಸಂಜೆಯವರೆಗೆ ಅಲ್ಲೇ.

ಆ ವರ್ಷದ ಗೌರಿ ಹಬ್ಬಕ್ಕೆ ಎರಡು ದಿನ ತವರಿಗೆ ಕಳಿಸಿದರು. ಅಮ್ಮನ ಎದುರು ಕೂತು ಊಟ ಮಾಡುತ್ತಿದ್ದೆ.

"ಯಾಕೆ ಹೀಗೆ ಪಿಸುಗುಡ್ತೀಯ? ಗಂಟಲು ಕಟ್ಟಿದ್ಯಾ?" ಅಂದಳು ಅಮ್ಮ.

ನಾನು ಪಿಸುಗುಡುತ್ತಿದ್ದೇನೆಂದು ನನಗೆ ಗೊತ್ತಾದದ್ದು ಆಗಲೇ. ನೀರಿನ ಲೋಟವನ್ನು ಸದ್ದಾಗದಂತೆ ಎರಡೂ ಕೈಯಲ್ಲಿ ನೆಲಕ್ಕಿಡುತ್ತಿದ್ದೆ. ಅಮ್ಮ ಅದನ್ನೂ ನೋಡಿದಳು.

"ಇನ್ನೊಂದು ನಾಲ್ಕು ದಿನ ಇದ್ದು ಹೋಗ್ತೀನಮ್ಮ," ಅಂದೆ.

ಅಮ್ಮ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಅಪ್ಪ ಪೇಪರು ಓದುತ್ತಿದ್ದರು. "ಅವರು ಎರಡು ದಿನಕ್ಕೆ ಅಂತ ಕಳಿಸಿದಾರೆ," ಅಂದಳು. ಮಾರನೆಯ ದಿನ ಡಬ್ಬಿ ತುಂಬ ಕಡುಬು ಕಟ್ಟಿಕೊಟ್ಟು ರೈಲು ಹತ್ತಿಸಿದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನಗೆ, ಇನ್ನು ಹೋಗಲು ಬೇರೆ ಊರಿಲ್ಲ ಅನ್ನುವುದು ಸ್ಪಷ್ಟವಾಯಿತು.

ಪಕ್ಕದ ಮನೆಯಲ್ಲಿ ಲಾರಿ ಡ್ರೈವರೊಬ್ಬನ ಹೆಂಡತಿ ಇದ್ದಳು, ಸಾಬರಾಕೆ. ಬಚ್ಚಲಂಗಳದ ಗೋಡೆಯ ಮೇಲಿಂದ ನಾವು ಮಾತಾಡುತ್ತಿದ್ದೆವು. ನಿಮ್ಮ ಯಜಮಾನರಂತೂ ಹೇಳದೆ ಕೇಳದೆ ಬರುತ್ತಾರೆ, ಊಟಕ್ಕೆ ಹೇಗೆ ಮಾಡುತ್ತೀರಿ ಎಂದು ಒಂದು ದಿನ ಕೇಳಿದೆ.

"ಲಾರಿ ಯಾವಾಗ ಬರುತ್ತೆ ಅಂತ ನಂಗೇನಮ್ಮ ಗೊತ್ತು? ಅದಕ್ಕೇ ನಾನು ಕಾಯೋದಿಲ್ಲ. ಎರಡು ಹೊತ್ತು ಒಲೆ ಹಚ್ತೀನಿ, ಮುಚ್ಚಿಡ್ತೀನಿ. ಬಂದಾಗ ತಿಂತಾರೆ."

ಈ ಮಾತನ್ನು ಒಂದು ವಾರ ತಲೆಯಲ್ಲಿ ತಿರುಗಿಸಿದೆ. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ, ಶಿಫ್ಟಿನ ಪ್ರಕಾರ ಗೆರೆ ಎಳೆದು ಬರೆದೆ. ಒಲೆ ಹಚ್ಚುವುದು ಬೆಳಿಗ್ಗೆ ಐದಕ್ಕೆ, ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಹತ್ತರ ನಂತರ ಒಲೆ ಇಲ್ಲ. ರುಬ್ಬುವುದು, ಪಾತ್ರೆ ಬೆಳಗುವುದು ಯಾರೂ ಮಲಗದ ಹೊತ್ತಿನಲ್ಲಿ. ಅನ್ನದ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಹುಲ್ಲು ತುಂಬಿದ ಬುಟ್ಟಿಯೊಳಗೆ ಕೂರಿಸುವುದು. ಅಣ್ಣನ ಬಟ್ಟೆಗೆ ಒಂದು ಮೊಳೆ, ತಮ್ಮನ ಬಟ್ಟೆಗೆ ಇನ್ನೊಂದು. ಗಂಡನಿಗೆ ತೋರಿಸಿದೆ. ಅವರು ಓದಿ, "ಅಮ್ಮ ಒಪ್ಪಿದ್ರೆ ಆಯ್ತು," ಅಂದರು. ಅತ್ತೆ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹಾಳೆಯನ್ನು ಗೋಡೆಗೆ ಅಂಟಿಸಿದೆ.

ಮೊದಲ ದಿನ ಎರಡೂವರೆಗೆ ಬಂದ ಮೈದುನ ಅನ್ನಕ್ಕೆ ಬೆರಳಿಟ್ಟು ತಟ್ಟೆ ಸರಿಸಿದ. "ಬೆಚ್ಚಗಿದೆ ಅಷ್ಟೆ. ಬಿಸಿ ಇಲ್ಲ."

ನಾನು ಕೂತಲ್ಲಿಂದ ಏಳಲಿಲ್ಲ. ಅತ್ತೆಯೇ ಎದ್ದು ಒಲೆ ಹಚ್ಚಿ ಬಿಸಿ ಮಾಡಿ ಬಡಿಸಿದರು. ಹೀಗೆ ಎಂಟು ದಿನ ನಡೆಯಿತು. ಅವರಿಗೆ ಮಂಡಿನೋವು, ಹೊಗೆಗೆ ಕೆಮ್ಮು ಬೇರೆ. ಒಂಬತ್ತನೆಯ ದಿನ ಮೈದುನ ತಟ್ಟೆ ಸರಿಸಿದಾಗ ಅತ್ತೆ ಗೋಡೆಗೊರಗಿ ಕೂತೇ ಇದ್ದರು. "ತಿನ್ನು ಮಾರಾಯ, ಬಿಸಿಯಾಗೇ ಇದೆ," ಅಂದರು. ಅವನು ತಿಂದ.

ಮನೆ ತಣ್ಣಗಾಯಿತು. ಪಾತ್ರೆ ಬೀಳುವುದು, ಟವೆಲು ಹುಡುಕುವುದು, ಗೊಣಗುವುದು ನಿಂತಿತು. ಹೊಳೆಹೊನ್ನೂರಿನಿಂದ ಬಂದ ನೆಂಟರು, "ನಿಮ್ಮ ಸೊಸೆ ಗಡಿಯಾರದಂಗೆ ಮನೆ ನಡೆಸ್ತಾಳೆ," ಅಂದರೆ ಅತ್ತೆ ಗೋಡೆಯ ಮೇಲಿನ ಹಾಳೆಯನ್ನು ತಾವೇ ಬರೆದವರಂತೆ ತೋರಿಸುತ್ತಿದ್ದರು.

ಆದರೆ ಆ ಹಾಳೆ ನನ್ನ ಕೈಯಿಂದ ಅವರ ಕೈಗೆ ಹೋಗಿತ್ತು. ಜ್ವರ ಬಂದು ಮಲಗಿದ್ದ ದಿನವೂ, "ನಾಲ್ಕಾಯ್ತಲ್ಲ. ನೀನೇ ಬರೆದಿದ್ದೀಯ," ಅನ್ನುತ್ತಿದ್ದರು. ಮಧ್ಯಾಹ್ನ ಒಂದು ಗಂಟೆ ಹೊತ್ತು ನನಗೆ ಬಿಡುವು ಸಿಗುತ್ತಿತ್ತು. ಅದನ್ನು ಒಲೆಯ ಮುಂದೆ ಮಣೆ ಹಾಕಿಕೊಂಡು ಮಸಿ ಹಿಡಿದ ಗೋಡೆ ನೋಡುತ್ತಾ ಕಳೆಯುತ್ತಿದ್ದೆ. ಆಚೆ ಕೋಣೆಯಲ್ಲಿ ಎಂದಿನಂತೆ ಯಾರಾದರೊಬ್ಬರು ಮಲಗಿರುತ್ತಿದ್ದರು. ಮೊದಲು ಕೆಲಸದ ಗಡಿಬಿಡಿಯಲ್ಲಿ ಗೋಡೆ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಗೋಡೆಯೊಂದೇ ಕಾಣುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆಯಿತು. ಆಮೇಲೆ ಮೈದುನನ ಮದುವೆಯಾಯಿತು. ಬೇರೆ ಕ್ವಾರ್ಟರ್ಸ್ ಸಿಗುವವರೆಗೆ ಅವನ ಹೆಂಡತಿಯೂ ನಮ್ಮ ಜೊತೆಗಿದ್ದಳು. ಬಂದ ಮೂರನೆಯ ದಿನ ಬೆಳಿಗ್ಗೆ, ಒಲೆ ಆರಿದ ಮೇಲೆ, ಅವಳು ಹಾಳೆಯ ಮುಂದೆ ನಿಂತು ಮೇಲಿಂದ ಕೆಳಗೆ ಓದಿದಳು.

"ಅಕ್ಕ, ಹತ್ತರಿಂದ ನಾಲ್ಕರವರೆಗೆ ಒಲೆ ಹಚ್ಚೋದೇ ಇಲ್ವಲ್ಲ," ಅಂದಳು. "ಹಾಗಾದ್ರೆ ಹಗಲು ಮಲಗೋರು ಅಡಿಗೆಮನೇಲಿ ಮಲಗ್ಲಿ. ನಾವು ಈಚೆ ಇರೋಣ."

ನಾನು ಅವಳ ಮುಖ ನೋಡುತ್ತಾ ನಿಂತೆ. ನಾಲ್ಕು ವರ್ಷ ದಿನಾ ಓದಿದ ಹಾಳೆ ಅದು. ನನಗೆ ಇದು ಹೊಳೆದೇ ಇರಲಿಲ್ಲ.

"ಗಂಡಸರು ಒಲೆ ಪಕ್ಕ ಮಲಗೋದಾ?" ಎಂದು ಅತ್ತೆ ಗದರಿದರು. ಆ ಹೊತ್ತು ನೈಟ್ ಶಿಫ್ಟ್ ಮುಗಿಸಿ ಬಂದಿದ್ದ ನನ್ನ ಗಂಡ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದರು. ಅವರು ಎದ್ದು, ಚಾಪೆ ದಿಂಬು ಎತ್ತಿಕೊಂಡು ಅಡಿಗೆಮನೆಗೆ ನಡೆದರು. "ಇಲ್ಲಿ ಕತ್ತಲೆ ಇದೆ. ನಿದ್ದೆ ಚೆನ್ನಾಗಿ ಬರುತ್ತೆ," ಎಂದು ಬಾಗಿಲು ಮುಂದೆ ಮಾಡಿಕೊಂಡರು. ಮಗನ ಮಾತಿಗೆ ಅತ್ತೆ ಎದುರಾಡಲಿಲ್ಲ.

ಅಂದು ಮಧ್ಯಾಹ್ನ ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಬೀದಿಯಲ್ಲಿ ಸೈಕಲ್ಲುಗಳು ಹೋಗುತ್ತಿದ್ದವು. ಎದುರುಮನೆಯವಳು ಒಣಗಿದ ಬಟ್ಟೆಯ ಮೇಲಿನ ಕರಿಧೂಳು ಕೊಡವುತ್ತಾ ತಮಿಳಿನಲ್ಲಿ ಯಾರನ್ನೋ ಬೈಯುತ್ತಿದ್ದಳು. ಓರಗಿತ್ತಿ ಸಂತೋಷದಿಂದ ಏನೇನೋ ಹೇಳುತ್ತಿದ್ದಳು. ನನಗೂ ಸಂತೋಷವಾಗಬೇಕಿತ್ತು. ಆದರೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂದಿತ್ತು. ಅತ್ತೆಯ ಮೇಲಲ್ಲ, ಗಂಡನ ಮೇಲೂ ಅಲ್ಲ. ಒಂದು ಚಾಪೆ ಎತ್ತಿ ಆಚೆ ಹಾಕುವ ಕೆಲಸ ಅದು. ನನ್ನ ಬಾಯಿಂದ ಆ ಮಾತು ಬಂದಿದ್ದರೆ ಅವರು ಅವತ್ತೇ ಎದ್ದು ಹೋಗುತ್ತಿದ್ದರೇನೋ. ನಾನು ಹೇಳಿದ್ದರೂ ಹೋಗುತ್ತಿದ್ದಿರಾ ಎಂದು ಅವರನ್ನು ಕೇಳಲು ನನಗೆ ಧೈರ್ಯವಾಗಲೇ ಇಲ್ಲ.