ಸಿರುಗುಪ್ಪದಿಂದ ತಂದ ಆರನೆಯ ಗಾಜು

ಆಗ ನನಗೆ ಇಪ್ಪತ್ತೆರಡು. ಈ ಮಾತಿಗೆ ಐವತ್ತು ವರ್ಷವಾಯಿತು. ಶಿವರಾತ್ರಿಯ ಮರುದಿನ, ಅಮಾವಾಸ್ಯೆಯಂದು, ಫೋಟೋ ತೆಗೆಯುವ ಗಾಜಿನ ಪ್ಲೇಟುಗಳ ಪೆಟ್ಟಿಗೆ ಹಿಡಿದು ಬಳ್ಳಾರಿಯಿಂದ ಒಬ್ಬಳೇ ಹೊರಟೆ.

ಗಂಡ ಸತ್ತ ಮೇಲೆ ನಾನು ಅಣ್ಣನ ಮನೆಯಲ್ಲಿದ್ದೆ. ಅವನದು ಸಣ್ಣ ಫೋಟೋ ಸ್ಟುಡಿಯೋ. ಹಗಲು ಮದುಮಕ್ಕಳ ಫೋಟೋ ತೆಗೆಯುತ್ತಿದ್ದ, ಕತ್ತಲಾದರೆ ಚುಕ್ಕಿಗಳದ್ದು. ಮೃಗಶಿರದ ಕಡೆ ಮೂರು ಚುಕ್ಕಿಗಳ ಸಾಲಿದೆಯಲ್ಲ, ಅದರ ಕೆಳಗೆ ಹೊಗೆಯಂಥದ್ದು ಇದೆ. ಓದಿದವರು ನಿಹಾರಿಕೆ ಎನ್ನುತ್ತಾರೆ. ಅದನ್ನು ಸುತ್ತಲಿನ ಆಕಾಶದ ಸಮೇತ ಒಟ್ಟಿಗೆ ನೋಡಬೇಕೆಂಬುದು ಅಣ್ಣನ ಆಸೆ. ಒಂದು ಗಾಜಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಆರು ಗಾಜಿನಲ್ಲಿ ತುಂಡು ತುಂಡಾಗಿ ತೆಗೆದು, ಕಾಗದಕ್ಕೆ ಇಳಿಸಿ, ಕೌದಿಯ ಹಾಗೆ ಅಂಚಿನ ಮೇಲೆ ಅಂಚು ಒಂದು ಬೆರಳು ಕೂಡಿಸಿ ಹಲಗೆಗೆ ಅಂಟಿಸಬೇಕು. ಐದು ಮುಗಿದಿದ್ದವು. ಹೊಗೆ ಇರುವ ನಡುವಿನ ತುಂಡನ್ನೇ ಕಡೆಗೆ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಕ್ಷಯ ಅವನನ್ನು ಹಾಸಿಗೆಗೆ ಕೆಡವಿತು. ಈ ಬೇಸಿಗೆ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಚುಕ್ಕಿಗಳು ಬೇಸಿಗೆಯಲ್ಲಿ ಮುಳುಗಿದರೆ ಮತ್ತೆ ಸಿಗುವುದು ಚಳಿಗಾಲಕ್ಕೆ.

"ನೀ ಸಿರುಗುಪ್ಪಕ್ಕ ಹೋಗಿ ತಗೊಂಡು ಬಾ," ಎಂದ. "ಐದಕ್ಕೂ ಕ್ಯಾಮರಾದ ತಿರುಪು ತಿರುಗಿಸಿದಾಕಿ ನೀನ ಅಲ್ಲೇನು? ಪ್ಲೇಟು ಮಾತ್ರ ತಂಪಾಗಿಡು. ಈ ಬಿಸಲಿಗೆ ಕೆಡತಾವ."

ವೀಳ್ಯದೆಲೆಗೆ ಮಾಡುವ ಹಾಗೆ ಒಂದು ಹಳೆಯ ಸೀರೆ ತೋಯಿಸಿ ಪೆಟ್ಟಿಗೆಗೆ ಸುತ್ತಿದೆ. ನಮ್ಮ ಕಡೆ ತಂಪು ಮಾಡುವುದು ಎಂದರೆ ಅದೇ.

ಬಸ್ಸಿನಲ್ಲಿ ಕಂಡಕ್ಟರ್ ತಗಾದೆ ತೆಗೆದ. "ಪೆಟ್ಟಿಗಿ ನೀರು ಸೋರತೈತೆವ್ವ. ಮೀನೇನು?"

"ಗಾಜು."

"ಸೀಟಿನ ಮ್ಯಾಲ ಇಟ್ಟರ ಅದಕ್ಕೂ ಟಿಕೆಟ್ಟು."

"ತೊಡಿ ಮ್ಯಾಲ ಇಟಗಂತೀನಿ. ನಿನ್ನ ತಲಿ ಮ್ಯಾಲ ಇಡಂಗಿಲ್ಲ, ನಡಿ."

ಕುರುಗೋಡಿಗೆ ಬರುವಷ್ಟರಲ್ಲಿ ಸಿರುಗುಪ್ಪದ ಬಸ್ಸು ಹೋಗಿತ್ತು. ಸೋದರತ್ತೆಯ ಮನೆಯಲ್ಲಿ ಉಳಿದೆ. ಅವಳು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಲೇ ಬೈದಳು.

"ಅಮಾಸಿ ದಿನ ಹೆಣಮಗಳು ಒಬ್ಬಾಕಿನ ಅಡ್ಡಾಡತಿ. ನಿಮ್ಮಣ್ಣಗ ಬುದ್ಧಿ ಇಲ್ಲ, ನಿನಗರ ಬ್ಯಾಡ?"

"ಬೆಳದಿಂಗಳಾಗ ಈ ಕೆಲಸ ಆಗಂಗಿಲ್ಲ ಅತ್ತಿ."

"ಸಾಯೋ ಮನಷಾಗ ಚುಕ್ಕಿ ಯಾಕಬೇ?"

ರೊಟ್ಟಿ ತಿಂದೆ. ಮಲಗುವ ಮುಂಚೆ ಸೀರೆಗೆ ಮತ್ತೊಂದು ತಂಬಿಗೆ ನೀರು ಹಾಕಿದೆ.

ಮರುದಿನ ಮಧ್ಯಾಹ್ನ ಸಿರುಗುಪ್ಪ ಮುಟ್ಟಿದೆ. ಬಳ್ಳಾರಿಯ ದೀಪದ ಬೆಳಕಿಗೆ ಪ್ಲೇಟು ಮಂಕಾಗುತ್ತಿತ್ತು. ಅದಕ್ಕೇ ಅಣ್ಣ ಕ್ಯಾಮರಾವನ್ನೂ ಅದು ಕೂರುವ ಹಲಗೆಯನ್ನೂ ಇಲ್ಲಿ ಬಡಗಿ ಮೌಲಾಸಾಬನ ಮಾಳಿಗೆಯ ಮೇಲೆ ಕೂಡಿಸಿದ್ದ. ಹಲಗೆ ಮಾಡಿಕೊಟ್ಟವನೂ ಮೌಲಾಸಾಬನೇ. ಎರಡು ಹಲಗೆ, ನಡುವೆ ಧ್ರುವದ ಕಡೆಗೆ ಮುಖ ಮಾಡಿದ ಒಂದು ಕೀಲು, ಒಂದು ತಿರುಪು. ಚುಕ್ಕಿ ಸರಿದ ಹಾಗೆ ತಿರುಪು ತಿರುಗಿಸಿದರೆ ಕ್ಯಾಮರಾ ಅದರ ಹಿಂದೆಯೇ ಹೋಗುತ್ತದೆ.

"ಬಾ ತಂಗಿ. ಅಣ್ಣ ಹೆಂಗದಾನ?"

"ಹಾಸಿಗಿ ಬಿಟ್ಟು ಏಳಂಗಿಲ್ಲ."

ಅವನು ಕೀಲಿಗೆ ಎಣ್ಣೆ ಬಿಟ್ಟ.

ಕತ್ತಲಾದ ಮೇಲೆ ಅಣ್ಣ ಬರೆದುಕೊಟ್ಟ ಗುರುತಿನಂತೆ ಕ್ಯಾಮರಾ ತಿರುಗಿಸಿ, ಪ್ಲೇಟು ಹಾಕಿ ಮುಚ್ಚಳ ತೆಗೆದೆ. ಮೌಲಾಸಾಬ ಕೆಂಪು ಬಟ್ಟೆ ಕಟ್ಟಿದ ಕಂದೀಲಿನ ಮುಂದೆ ಗಡಿಯಾರ ಹಿಡಿದು ಕುಳಿತ. ಸೆಕೆಂಡಿನ ಮುಳ್ಳು ಕಾಲು ಸುತ್ತು ಬಂದಾಗಲೆಲ್ಲ "ಹೂಂ" ಎನ್ನುತ್ತಿದ್ದ. ನಾನು ತಿರುಪನ್ನು ಕಾಲು ಸುತ್ತು ತಿರುಗಿಸುತ್ತಿದ್ದೆ. ನಲವತ್ತು ನಿಮಿಷ.

"ಅಲ್ಲಾ ದುನಿಯಾ ತಿರುಗಸ್ತಾನ, ನೀ ತಿರುಪು ತಿರುಗಸ್ತಿ," ಎಂದ. "ಇಬ್ಬರಾಗ ಯಾರೂ ತಪ್ಪಬಾರದು ನೋಡು."

ನಾನು ಒಂದು ಸಲವೂ ತಪ್ಪಲಿಲ್ಲ. ಅದನ್ನು ಇವತ್ತಿಗೂ ಹೇಳುತ್ತೇನೆ.

ಮೂರನೆಯ ದಿನ ಹಿಂದಿರುಗಿದೆ. ಕುರುಗೋಡಿನಲ್ಲಿ ಬಸ್ಸು ಬದಲಿಸುವಾಗ ಸೀರೆ ಒಣಗಿತ್ತು. ಮತ್ತೆ ತೋಯಿಸಿದೆ. ಮಧ್ಯಾಹ್ನ ಬಳ್ಳಾರಿಯಲ್ಲಿ ಕತ್ತಲೆ ಕೋಣೆಗೆ ಹೋಗಿ ಕೆಂಪು ದೀಪ ಹಚ್ಚಿ, ಪ್ಲೇಟನ್ನು ಮದ್ದಿನ ತಟ್ಟೆಯಲ್ಲಿ ಮುಳುಗಿಸಿದೆ. ಅಣ್ಣನ ಮಂಚ ಪರದೆಯ ಆಚೆ ಇತ್ತು.

"ಅಲ್ಲಾಡಸು," ಎನ್ನುತ್ತಿದ್ದ. ಕೆಮ್ಮುತ್ತಿದ್ದ. "ಸಾಕು. ನೀರಿಗೆ ಹಾಕು."

ಚುಕ್ಕಿ ಮೂಡಿದವು, ಹೊಗೆಯೂ ಮೂಡಿತು. ನೀರಿಗೆ ಹಾಕಿದಾಗ ಒಂದು ಅಂಚಿನಲ್ಲಿ ಗಾಜಿನ ಮೇಲಿನ ಪೊರೆ ಹಾಲಿನ ಕೆನೆಯ ಹಾಗೆ ಎದ್ದು ಹೋಯಿತು. ಮೂರು ಬೆರಳಗಲ. ಮೂರು ದಿನದ ತೇವ ಪೆಟ್ಟಿಗೆಯ ಒಳಗೆ ಇಳಿದಿತ್ತು.

ಉಳಿದದ್ದನ್ನು ಒಣಗಿಸಿ ಕಾಗದಕ್ಕೆ ಇಳಿಸಿದೆ. ಹಲಗೆಯ ಮೇಲೆ ಜೋಡಿಸಿದರೆ ಪಕ್ಕದ ಚಿತ್ರ ಒಂದು ಬೆರಳು ಮುಚ್ಚಿತು. ಎರಡು ಬೆರಳು ಬರಿದಾಗಿ ಉಳಿಯಿತು, ಹೊಗೆಯ ಮಗ್ಗುಲಲ್ಲೇ. ದೀಪ ಹಚ್ಚುವ ಹೊತ್ತಿಗೆ ಹಲಗೆಯನ್ನು ಅಣ್ಣನ ಮುಂದೆ ಹಿಡಿದೆ. ಅವನ ಕಣ್ಣು ಆಗಲೇ ಮಂಜಾಗಿದ್ದವು.

"ಕೂಡಿತೇನು?"

ಹೂಂ ಎಂದಿದ್ದರೆ ನಂಬುತ್ತಿದ್ದ.

"ಇಲ್ಲ. ಒದ್ದಿ ಸೀರಿ ಸುತ್ತಿದ್ದೆ. ಎರಡು ಬೆರಳು ಹೋಗೈತಿ."

ಅವನು ಬೆರಳಿನಿಂದ ತಡವಿ ಆ ಜಾಗ ಹುಡುಕಿದ. ಸಿಕ್ಕ ಮೇಲೆ ಎರಡು ಬೆರಳು ಅಲ್ಲಿಟ್ಟ. ಸರಿಯಾಗಿ ಕೂತವು.

"ತಂಪಾಗಿಡು ಅಂದಾಂವ ನಾನ," ಎಂದ. "ಒಣಾ ಇಡು ಅನ್ನಲಿಲ್ಲ."

ಬೆರಳು ತೆಗೆಯದೆ ಹಾಗೆಯೇ ನಿದ್ದೆ ಹೋದ. ಬೆಳಗಿನ ಜಾವ ಮುಟ್ಟಿ ನೋಡಿದರೆ ಕೈ ತಣ್ಣಗಿತ್ತು.

ಬೆಳಕು ಹರಿದ ಮೇಲೆ, ಓಣಿಯವರು ಬರುವ ಮುಂಚೆ, ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಆ ಸೀರೆಯನ್ನು ಹಿಂಡಿ ಹಿತ್ತಲ ಬಿಸಿಲಿಗೆ ಹರವಿದೆ.