ಔಟರ್ ಸಿಗ್ನಲ್ಲಿನ ಕೂಗು

ಮೊನ್ನೆ ಸಂಜೆ ಬೆಂಕಿಪೊಟ್ಟಣ ಹುಡುಕುತ್ತ ಒಲೆಯ ಮೇಲಿನ ಗೂಡಿಗೆ ಕೈ ಹಾಕಿದೆ. ಸಿಕ್ಕಿದ್ದು ಎಣ್ಣೆ ಕುಡಿದು ಕಪ್ಪಾದ ನೂಲಿನ ಮುದ್ದೆ. ಮೂಗಿಗೆ ಹಿಡಿದೆ... ಕಲ್ಲಿದ್ದಲು, ಎಂಜಿನ್ ಎಣ್ಣೆ. ಪಕ್ಕದ ಮನೆಯಲ್ಲಿದ್ದ ರೈಲು ಡ್ರೈವರ್ ಕಾಕಾ ನಮ್ಮ ಅಡುಗೆಮನೆಗೇ ಬಂದು ಕೂತಂತಾಯಿತು. ಅವನು ಹರಿಹರ ಬಿಟ್ಟು ಮೂರು ವರ್ಷವಾದರೂ ನಮ್ಮ ಮನೆ ಬಿಟ್ಟಿರಲಿಲ್ಲ ನೋಡಿ.

ನಾಲ್ಕೈದು ವರ್ಷದ ಹಿಂದಿನ ಮಾತು, ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದಾವಣಗೆರೆಯ ಬಟ್ಟೆ ಮಿಲ್ಲಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆಯ ಗಾಡಿ ಹೆಚ್ಚಾಗಿ ಕಾಕಾನದೇ. ಬಾತಿ ಸ್ಟೇಷನ್ ದಾಟಿ ಹರಿಹರದ ಹೊರಗಿನ ಔಟರ್ ಸಿಗ್ನಲ್ ಬಂತೆಂದರೆ ಅವನ ಎಂಜಿನ್ ಕೂಗುತ್ತಿತ್ತು. ಒಂದು ಉದ್ದ, ಬಿಕ್ಕಳಿಸಿದಂತೆ ಒಂದು ಗಿಡ್ಡ, ಮತ್ತೊಂದು ಉದ್ದ. ನಿಮ್ಮೂರಲ್ಲಿ ಏನೈತೆ, ಒಂದು ಹೊಳೆ, ಒಂದು ಸೇತುವೆ ಎಂದು ದಾವಣಗೆರೆಯವರು ನಮ್ಮನ್ನು ಆಡಿಕೊಳ್ಳುತ್ತಿದ್ದರು. ಕಾಕಾನ ಕೂಗನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದು ಕೇಳಿದರೆ ಸ್ಟೇಷನ್ ರಸ್ತೆಯಲ್ಲಿ ಮಿರ್ಚಿಯವನು ಬಾಣಲೆಗೆ ಕೈ ಹಾಕುತ್ತಿದ್ದ, ಜಟಕಾದವರು ಬೀಡಿ ಬಿಸಾಡುತ್ತಿದ್ದರು, ಅರ್ಧ ಗಡ್ಡ ಬೋಳಿಸಿಕೊಂಡವನು ಟವೆಲಿನ ಸಮೇತ ಓಡುತ್ತಿದ್ದ. ನಮ್ಮವ್ವ ಒಲೆ ಹಚ್ಚುತ್ತಿದ್ದಳು.

ಅದೂ ಯಾವುದರಿಂದ? ಕಾಕಾ ಕೈ ಒರೆಸಿ ತಂದುಕೊಡುತ್ತಿದ್ದ ನೂಲಿನ ಮುದ್ದೆಯಿಂದ. ಒಂದೇ ಕಡ್ಡಿಗೆ ಹತ್ತುತ್ತದೆಂದು ಓಣಿಯಲ್ಲೆಲ್ಲ ಹೊಗಳುತ್ತಿದ್ದಳು. ಅದು ಮಿಲ್ಲಿನ ಕಸ, ಅಂಥದ್ದನ್ನೇ ಮೂಟೆ ಕಟ್ಟಿ ರೈಲ್ವೆಗೆ ಕಳಿಸುವವನು ನಾನು ಎಂದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಅಣಕಿಸುವುದರಲ್ಲಿ ನನಗೇನು ಕಮ್ಮಿಯಿತ್ತು? ಮೇಸ್ತ್ರಿಯ ಕೆಮ್ಮು, ಟಿಕೆಟ್ ಕಲೆಕ್ಟರರ ಮೂಗುದನಿ, ರಜೆ ಕೇಳುವಾಗ ಬೆನ್ನುಮೂಳೆಯೇ ಇಲ್ಲದಂತೆ ಬಾಗುವ ನನ್ನದೇ ಅವತಾರ, ಎಲ್ಲ ಮಾಡಿ ಇಡೀ ಬೋಗಿ ನಗಿಸುತ್ತಿದ್ದೆ. ಅವ್ವ ಮಾತ್ರ ಮಂಗಚೇಷ್ಟೆ ಸಾಕು, ಕೈಕಾಲು ತೊಳಿ ಎನ್ನುತ್ತಿದ್ದಳು. ಕಾಕಾನಿಗೆ ರಜೆಯಿದ್ದ ದಿನ ಬೇರೆ ಯಾರೋ ಕೂಗಿಸಿಕೊಂಡು ಬರುತ್ತಿದ್ದರು. ಅದನ್ನು ಅವ್ವ ಕೂಗೆಂದೇ ಒಪ್ಪುತ್ತಿರಲಿಲ್ಲ. ಗಾಡಿ ಬಂದಿರುತ್ತಿತ್ತು, ಹಸಿದ ಮಗ ಬಂದಿರುತ್ತಿದ್ದ, ಒಲೆ ತಣ್ಣಗಿರುತ್ತಿತ್ತು. ನನ್ನ ಹೊಟ್ಟೆಕಿಚ್ಚಿಗೆ ಒಲೆ ಹತ್ತುವಂತಿದ್ದರೆ ನಮ್ಮ ಮನೆಗೆ ಕಟ್ಟಿಗೆಯೇ ಬೇಕಿರಲಿಲ್ಲ.

ಕಾಕಾನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ದಿನ ಅವ್ವನ ಕೈಗೊಂದು ಮುದ್ದೆ ಕೊಟ್ಟು, ನನ್ನ ಕಡೆ ತಿರುಗಿದ.

"ಎಲ್ಲಾರ್ನೂ ಅಣಕಿಸ್ತೀಯಲ್ಲೋ, ನನ್ನನ್ಯಾಕ ಬಿಟ್ಟೆ?"

ಹೊಳೆದಂಡೆಯಲ್ಲಿ ಕದ್ದು ಅವನ ಕೂಗನ್ನೇ ಎಷ್ಟು ಸಲ ಕೂಗಿದ್ದೆನೆಂದು ಹೇಗೆ ಹೇಳಲಿ...

ಆಮೇಲೆ ಅವ್ವನಿಗೆ ಸಂಜೆಯ ಲೆಕ್ಕವೇ ತಪ್ಪಿತು. ಒಂದು ದಿನ ರೊಟ್ಟಿ ಒಣಗಿ ಹಪ್ಪಳವಾಗಿರುತ್ತಿತ್ತು, ಇನ್ನೊಂದು ದಿನ ಹಿಟ್ಟೇ ನಾದಿರುತ್ತಿರಲಿಲ್ಲ. ಕಡೆಗೆ ಅವಳೇ ಕೇಳಿದಳು.

"ನಿನಗೆ ಎಲ್ಲಾರ್ದೂ ಬರ್ತೈತೆ. ಅವಂದು ಬರ್ತೈತೇನು?"

ಅಂಗೈಗಳನ್ನು ಬಾಯಿಗೆ ಸೇರಿಸಿ ಕೂಗಿದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. "ಕಡೀಗೆ ಅವನು ಒಂಚೂರು ಉಸಿರು ಬಿಡ್ತಿದ್ದ. ನೀನು ಹಿಡ್ಕೊಂಡೆ," ಎಂದಳು. ಆದರೂ ಎದ್ದು ಒಲೆ ಹಚ್ಚಿದಳು. ಅಂದಿನಿಂದ ದಿನಾ ಸಂಜೆ ಓಣಿಯ ತುದಿಯಲ್ಲಿ ನಿಂತು ಕೂಗುವುದು ನನ್ನ ಎರಡನೇ ನೌಕರಿಯಾಯಿತು. ಮೊದಮೊದಲು ನಾಯಿಗಳು ಬೊಗಳಿದವು, ಆಮೇಲೆ ಅವೂ ಒಪ್ಪಿಕೊಂಡವು. ಅವ್ವ ಮಾತ್ರ ಒಂದು ದಿನವೂ ಚೆನ್ನಾಗಿತ್ತು ಎನ್ನಲಿಲ್ಲ.

ಮೊನ್ನೆ ಸ್ಟೇಷನ್ನಿನಲ್ಲಿ ಗಾರ್ಡ್ ಒಬ್ಬರು ಸುದ್ದಿ ಹೇಳಿದರು. ಕಾಕಾ ಹುಬ್ಬಳ್ಳಿಯಲ್ಲಿ ತೀರಿಕೊಂಡನಂತೆ. ಅವತ್ತು ಓಣಿಯಲ್ಲಿ ಕೂಗದೆ ಸುಮ್ಮನೆ ಮನೆಗೆ ಬಂದೆ. ಒಲೆ ಹತ್ತಿರಲಿಲ್ಲ. ನಾನೇ ಹಚ್ಚೋಣವೆಂದು ಗೂಡಿಗೆ ಕೈ ಹಾಕಿದಾಗ ಸಿಕ್ಕಿದ್ದು ಆ ಕೊನೆಯ ಮುದ್ದೆ. ಎಂದೋ ಸುಟ್ಟುಹೋಯಿತೆಂದುಕೊಂಡಿದ್ದೆ. ಅವ್ವ ಅದನ್ನು ಎತ್ತಿಟ್ಟಿದ್ದಳು.

ಸುದ್ದಿ ಹೇಳಿದೆ. ಮುದ್ದೆಯನ್ನು ನನ್ನ ಕೈಯಿಂದ ತಗೊಂಡು ಮಡಿಲಲ್ಲಿಟ್ಟುಕೊಂಡಳು.

"ಒಂದ್ಸಲ ಕೂಗಪ್ಪ."

ಕೂಗಿದೆ. ಕಡೆಯಲ್ಲಿ ಉಸಿರು ತಾನಾಗಿಯೇ ಹೋಯಿತು...

"ಇವತ್ತು ಅವನಂಗೇ ಬಂತು," ಎಂದಳು ಅವ್ವ.

ಇಷ್ಟು ವರ್ಷ ಅವ್ವನ ಬಾಯಿಂದ ಒಂದು ಮೆಚ್ಚುಗೆಗೆ ಕಾದಿದ್ದೆ. ಬಂತು, ಅದನ್ನೂ ಅವನೇ ಹೊತ್ತುಕೊಂಡು ಹೋದ. ಅವ್ವ ಮುದ್ದೆಯನ್ನು ಮತ್ತೆ ಗೂಡಿನಲ್ಲಿಟ್ಟು, ಹತ್ತಿಕಟ್ಟಿಗೆ ಮುರಿದು ಒಲೆಗೆ ಹಾಕಿ ಕಡ್ಡಿ ಗೀರಿದಳು. ಹತ್ತಲಿಲ್ಲ. ಇನ್ನೊಂದು ಗೀರಿದಳು. ನಾನು ಪಕ್ಕದಲ್ಲಿ ಕೂತು ಊದುತ್ತಲೇ ಇದ್ದೆ.