ಕೊಡವದೆ ತಂದ ಪಟ

ನಮ್ಮ ಕಡೆ ದೇವರ ಕಾಡಿನಿಂದ ಹೊರಬರುವಾಗ ಗಡಿಕಲ್ಲಿನ ಹತ್ತಿರ ನಿಂತು ಬಟ್ಟೆ ಕೊಡವುತ್ತಿದ್ದರು. ಗಂಡಸರು ಪಂಚೆ, ಹೆಂಗಸರು ಸೆರಗು, ನಾವು ಹುಡುಗಿಯರು ಲಂಗ. ಅಂಟಿಕೊಂಡ ಒಂದು ಹುಲ್ಲಿನ ಬೀಜ ಕೂಡ ಆಚೆ ಹೋಗಬಾರದು. ಒಳಗಿನದೆಲ್ಲ ಆ ದೇವರದು. ಕೊಂಡುಹೋದವರ ಮನೆಯಿಂದ ಅವನೂ ಏನನ್ನಾದರೂ ಕೊಂಡುಹೋಗುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದರು. ಏನನ್ನು ಎಂದು ಮಾತ್ರ ಹೇಳುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿದ್ದುದು ಅದಕ್ಕೇ.

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಬೋರ್ಡರ್. ರಜೆ ಬಂದರೆ ಮೂಡಿಗೆರೆಯಾಚೆಯ ನಮ್ಮ ಎಸ್ಟೇಟಿಗೆ ಬರುತ್ತಿದ್ದೆ. ಅಲ್ಲಿ ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಮ್ಮ ಕಳಸದ ಕಡೆಯವರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು ಅಷ್ಟೆ. ಕನ್ನಡ ಶಾಲೆಯ ನಂತರ ಅವರ ಓದು ನಿಂತಿತ್ತು; ನಿಂತದ್ದನ್ನು ಅವರು ಮರೆತಿರಲಿಲ್ಲ. ನನ್ನ ಬಾಟನಿ ಪುಸ್ತಕವನ್ನು ತಿರುವಿ ಹಾಕುತ್ತ, "ನಂಗೂ ಹೇಳ್ಕೊಡು ಮಾರಾಯ್ತಿ. ಇಲ್ಲಿ ನನ್ನ ಮಾತು ಕೇಳೋದು ಕೋಳಿಗಳು ಮಾತ್ರ" ಎಂದಿದ್ದರು.

ಚಿಕ್ಕಪ್ಪನ ಹತ್ತಿರ ಒಂದು ಬಾಕ್ಸ್ ಕ್ಯಾಮೆರಾ ಇತ್ತು. ಫಿಲ್ಮ್ ಸಿಕ್ಕುವುದೇ ದುರ್ಲಭವಾಗಿದ್ದ ಆ ದಿನಗಳಲ್ಲಿ ಅವರು ಹೆಂಡತಿಯ ಆಸೆಗೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಎಲೆ, ಹೂವು ಇಟ್ಟು ಫೋಟೋ ತೆಗೆಯುತ್ತಿದ್ದರು. ಮೂಡಿಗೆರೆಯಲ್ಲಿ ಅದನ್ನು ತೊಳೆದುಕೊಡುತ್ತಿದ್ದ ಸ್ಟುಡಿಯೋ ಸಾಹೇಬರಿಗೆ ನಗು. "ಏನ್ ಗೌಡ್ರೇ, ಮನೇಲಿ ಮನುಷ್ಯರಿಲ್ವಾ? ಯಾವಾಗ್ಲೂ ಸೊಪ್ಪೇ ತರ್ತೀರಲ್ಲ!"

ಪ್ರತಿಯೊಂದು ಪಟಕ್ಕೂ ಎರಡು ಪ್ರತಿ. ಒಂದು ಬೋರ್ಡಿಂಗಿನಲ್ಲಿ ನನ್ನ ಟ್ರಂಕಿನೊಳಗೆ, ಒಂದು ಚಿಕ್ಕಮ್ಮನ ಸೀರೆಯ ಪೆಟ್ಟಿಗೆಯಲ್ಲಿ. ಚೆನ್ನಾಗಿ ಬಂದದ್ದಾದರೆ ಮೂರನೆಯದೊಂದು ನಮ್ಮ ಬಾಟನಿ ಸಿಸ್ಟರ್‌ಗೆ, ಕ್ಲಾಸಿನ ಆಲ್ಬಮ್ಮಿಗೆ. ರಜೆಯಲ್ಲಿ ಇಬ್ಬರೂ ಪಟಗಳನ್ನು ಇಸ್ಪೀಟಿನ ಎಲೆಗಳಂತೆ ಹಿಡಿದು ಕೂರುತ್ತಿದ್ದೆವು. ಹೃದಯದಾಕಾರದ ಎಲೆಗೆ ನಾನು ಕಾರ್ಡೇಟ್ ಎಂದರೆ ಅವರು ವೀಳ್ಯದೆಲೆ ಎನ್ನಬೇಕು. ಸೆರೇಟ್ ಎಂದರೆ ಗರಗಸ. ರೋಮ ಇರುವುದು ಪ್ಯೂಬೆಸೆಂಟ್, ಬೋಳಾಗಿರುವುದು ಗ್ಲಾಬ್ರಸ್ ಎಂದು ಹೇಳಿಕೊಟ್ಟ ದಿನ ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಂಗಾರೆ ನಿನ್ನ ಚಿಕ್ಕಪ್ಪನ ಮೀಸೆ? ಗ್ಲಾಬ್ರಸ್ಸೇ ಅನ್ಬೇಕು, ಪಾಪ!"

ದೇವರ ಕಾಡಿನ ಪಟ ತೆಗೆದದ್ದು ಕ್ರಿಸ್‌ಮಸ್ ರಜೆಯಲ್ಲಿ. ವರ್ಷಕ್ಕೊಮ್ಮೆ ಅಲ್ಲಿ ಪೂಜೆ, ಅಂದು ಮಾತ್ರ ಎಲ್ಲರೂ ಒಳಗೆ ಹೋಗಬಹುದು. ನಮ್ಮ ಎಸ್ಟೇಟಿನಿಂದ ದೇವರಮನೆ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ, ಹಗಲಲ್ಲೂ ಸಂಜೆಯಂತೆ ಕಾಣುವ ಕಾಡು. ಪೂಜೆ ಮುಗಿಸಿ ಬರುವಾಗ ಒಂದು ದೊಡ್ಡ ಮರದ ಬುಡದಲ್ಲಿ ಚಿಕ್ಕಮ್ಮ ನಿಂತುಬಿಟ್ಟರು. ನೆಲದೊಳಗಿಂದ ಕೆಂಪು ಬೆರಳುಗಳು ಎದ್ದಂತೆ ಏನೋ ಬೆಳೆದಿತ್ತು. ಎಲೆ ಇಲ್ಲ, ಹಸಿರು ಎಂಬುದೇ ಇಲ್ಲ. ಕೀಳುವಂತಿಲ್ಲ, ಬಿಟ್ಟುಬರಲು ಮನಸ್ಸಿಲ್ಲ.

ಚಿಕ್ಕಪ್ಪ ಕ್ಯಾಮೆರಾ ಹೊರತೆಗೆದರು. "ಗಿಡ ಕಿತ್ರೆ ತಾನೇ ತಪ್ಪು? ಬೆಳಕು ಕಿತ್ಕೊಂಡ್ರೆ ಯಾರು ಕೇಳ್ತಾರೆ?"

ಗಡಿಕಲ್ಲಿನ ಹತ್ತಿರ ಎಲ್ಲರೂ ಬಟ್ಟೆ ಕೊಡವಿದೆವು. ಕ್ಯಾಮೆರಾ ಕೊಡವುವುದು ಯಾರಿಗೂ ಹೊಳೆಯಲಿಲ್ಲ.

ಪಟ ಕಂಡು ಸಿಸ್ಟರ್‌ಗೆ ಖುಷಿಯೋ ಖುಷಿ. ಹೆಸರು ಅವರಿಗೂ ಗೊತ್ತಿರಲಿಲ್ಲ. ಆದರೆ ಇದು ರೂಟ್ ಪ್ಯಾರಸೈಟ್, ತನ್ನ ಅನ್ನ ತಾನು ಮಾಡಿಕೊಳ್ಳಲಾರದು, ಆತುಕೊಂಡ ಮರದ ಬೇರಿನಿಂದಲೇ ಉಣ್ಣುತ್ತದೆ ಎಂದು ವಿವರಿಸಿ, ಆಲ್ಬಮ್ಮಿಗೆ ಅಂಟಿಸಿದರು.

ಬೇಸಿಗೆ ರಜೆಗೆ ನಾನು ಮನೆಗೆ ಬಂದಾಗ ಚಿಕ್ಕಮ್ಮ ಐದು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ಹೋಗಿದ್ದವು, ಎರಡೂ ಮೂರನೆಯ ತಿಂಗಳಲ್ಲೇ. ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ಬಾಗಿಲು ಹಾಕುವಾಗಲೂ ಕೈ ಅಡ್ಡ ಇಟ್ಟು ಸದ್ದಾಗದಂತೆ ಹಾಕುತ್ತಿದ್ದರು. ನಾನು ಅವರ ಬೇಸರ ಕಳೆಯಲೆಂದು ಪಟಗಳನ್ನು ಹರಡಿ, ಹೊಸದಾಗಿ ಕಲಿತದ್ದನ್ನು ಒಪ್ಪಿಸಿದೆ.

"ಉಣಿಸೋ ಮರ ಸಾಯುತ್ತಾ?" ಎಂದು ಕೇಳಿದರು.

"ಇಲ್ಲವಂತೆ."

"ಬೇರು ಬಿಡಿಸಿ ಅದನ್ನ ಹೊರಗೆ ತಂದ್ರೆ?"

"ಅದು ಸಾಯುತ್ತೆ" ಎಂದೆ. ಪರೀಕ್ಷೆಯಲ್ಲಿ ಉತ್ತರ ಹೇಳುವ ಹುಡುಗಿಯ ಹಾಗೆ, ಥಟ್ಟನೆ.

ಚಿಕ್ಕಮ್ಮನ ಕೈ ಹೊಟ್ಟೆಯ ಮೇಲೆ ಹೋಯಿತು. "ನಾವು ತಂದಿದೀವಲ್ಲೇ."

"ಪಟ ತಾನೇ, ಚಿಕ್ಕಮ್ಮ."

"ಅದೇ. ಕೊಡವದೆ ತಂದ್ವಿ."

ಅಂದಿನಿಂದ ಅವರಿಗೆ ಊಟ ಸೇರದಾಯಿತು. ಸೊಂಟ ನೋವೆಂದರೆ ಪಟದ ನೆನಪು, ಕಾಲು ಸೆಳೆದರೆ ಪಟದ ನೆನಪು. ಅಜ್ಜಿಗೆ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ. ಸುಡೋಣವೆಂದರೆ, "ಅವನದ್ದನ್ನ ಸುಡೋಕೆ ನಾವ್ಯಾರು?" ಎಂದರು. ಇದ್ದದ್ದು ಒಂದೇ ದಾರಿ, ತಂದದ್ದನ್ನೆಲ್ಲ ವಾಪಸ್ಸು ಇಟ್ಟುಬರುವುದು. ಅವರ ಪ್ರತಿ ಇತ್ತು, ನನ್ನದಿತ್ತು. ನೆಗೆಟಿವ್ ಕೇಳಿದಾಗ ಚಿಕ್ಕಪ್ಪ ನಗಬಹುದೆಂದುಕೊಂಡಿದ್ದೆವು. ಅವರು ಹೆಂಡತಿಯ ಮುಖ ನೋಡಿ ಸುಮ್ಮನೆ ತಂದುಕೊಟ್ಟರು. ಇನ್ನು ಉಳಿದದ್ದು ಸಿಸ್ಟರ್ ಹತ್ತಿರ ಇದ್ದದ್ದು.

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಹೊರಟಿದ್ದ ಚಿಕ್ಕಪ್ಪನ ಜೊತೆ ನಾನೂ ಹೋದೆ. ಪೆಟ್ರೋಲ್ ಇಲ್ಲದೆ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ದಾರಿಯುದ್ದಕ್ಕೂ ನಾನು ಸಿಸ್ಟರ್‌ಗೆ ಹೇಳಬೇಕಾದ ಸುಳ್ಳನ್ನು ಹೊಸೆಯುತ್ತಿದ್ದೆ. ಅವರ ಎದುರು ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

ಸಿಸ್ಟರ್ ಮಂಗಳೂರಿನವರು. "ಇದು ಸೂಪರ್‌ಸ್ಟಿಷನ್ ಮಗು."

"ಯೆಸ್, ಸಿಸ್ಟರ್."

"ನಿನಗೂ ನಂಬಿಕೆ ಉಂಟಾ?"

"ಇಲ್ಲಿ ಇಲ್ಲ, ಸಿಸ್ಟರ್. ಅಲ್ಲಿ ಹೋದರೆ ಉಂಟು."

ಅವರು ಬಟ್ಟೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ, ಆಲ್ಬಮ್ಮಿನ ಪಟದ ಮೇಲೆ ಇಟ್ಟು, ಅಂಚು ಹರಿಯದಂತೆ ಬಿಡಿಸಿ ಕೊಟ್ಟರು. "ಹೆದರಿದ ಬಸುರಿಗೆ ಲೆಕ್ಚರ್ ಕೊಡಬಾರದು. ತೆಗೆದುಕೊಂಡು ಹೋಗು." ಆಲ್ಬಮ್ಮಿನಲ್ಲಿ ಖಾಲಿ ಚೌಕ, ಅದರ ಕೆಳಗೆ ಅವರ ದುಂಡಗಿನ ಅಕ್ಷರದಲ್ಲಿ ರೂಟ್ ಪ್ಯಾರಸೈಟ್ ಎಂದು ಹಾಗೇ ಉಳಿಯಿತು.

ಎಸ್ಟೇಟಿಗೆ ಮರಳಿದ ಮಾರನೆಯ ದಿನ ಮಧ್ಯಾಹ್ನ, ಅಜ್ಜಿ ಮಲಗಿದ್ದಾಗ, ನಾನೂ ಚಿಕ್ಕಮ್ಮನೂ ಕಾಡಿನ ಅಂಚಿಗೆ ಹೋದೆವು. ಪೂಜೆಯ ದಿನ ಬಿಟ್ಟು ಯಾರೂ ಒಳಗೆ ಹೋಗಬಾರದು, ಬಸುರಿಯಂತೂ ಕೂಡದು. ಅವರು ಗಡಿಕಲ್ಲಿನ ಹತ್ತಿರ ನಿಂತರು. ಮೂರು ಪಟ, ಒಂದು ನೆಗೆಟಿವ್ ಹಿಡಿದು ನಾನೊಬ್ಬಳೇ ಒಳಗೆ.

"ಹೆದರ್ಬೇಡ. ನಾನು ಕೂಗ್ತಿರ್ತೀನಿ, ನೀನು ಉತ್ತರ ಕೊಡ್ತಿರು" ಎಂದರು. ಹಿಂದಿನಿಂದ ಅವರ ದನಿ, "ವೀಳ್ಯದೆಲೆ!"

"ಕಾರ್ಡೇಟ್!"

"ಗರಗಸ!"

"ಸೆರೇಟ್!"

ಒಂದು ಹಕ್ಕಿಯ ಸದ್ದೂ ಇಲ್ಲ. ನನ್ನ ಕಾಲ ಕೆಳಗಿನ ಎಲೆಗಳ ಸದ್ದೇ ಯಾರೋ ಹಿಂದೆ ಬರುತ್ತಿರುವಂತೆ ಕೇಳುತ್ತಿತ್ತು. ಆ ಮರದ ಬುಡದಲ್ಲಿ ಕೆಂಪು ಬೆರಳುಗಳಿರಲಿಲ್ಲ. ಕಪ್ಪಗೆ ಒಣಗಿದ ಮೊಂಡುಗಳು ಮಾತ್ರ. ಸತ್ತಿದೆ. ನಾವು ತಂದದ್ದಕ್ಕೇ ಸತ್ತಿತೇ, ಕಾಲ ಮುಗಿದು ಸತ್ತಿತೇ? ಬಾಟನಿ ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ಆದರೂ ಬೇರಿನ ಸಂದಿಯಲ್ಲಿ ಎಲ್ಲವನ್ನೂ ಇಟ್ಟು ಕಲ್ಲು ಮುಚ್ಚಿದೆ. ಆಗ ಅರಿವಾಯಿತು, ಹೊರಗಿನ ದನಿ ನಿಂತುಹೋಗಿತ್ತು.

"ಚಿಕ್ಕಮ್ಮಾ!"

ಓಡಿದೆ. ಮುಳ್ಳು ಎಳೆಯಿತು, ಲಂಗ ಹರಿಯಿತು. ಅವರು ಗಡಿಕಲ್ಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಖ ಬಿಳುಚಿತ್ತು. ಎರಡೂ ಕೈ ಹೊಟ್ಟೆಯ ಮೇಲೆ.

"ಲಂಗ ಕೊಡವಿದ್ಯಾ?" ಎಂಬುದೇ ಅವರ ಮೊದಲ ಮಾತು.

ತಿರುಗಿ ಹೋಗಿ ಕಲ್ಲಿನಾಚೆ ನಿಂತು ಕೊಡವಿದೆ, ಕೂದಲನ್ನೂ ಕೊಡವಿದೆ.

"ಒಳಗೇನೋ ಮಿಸುಕಿತು ಕಣೇ" ಎಂದರು. "ಒದೀತೋ, ನೋವು ಶುರುವಾಯ್ತೋ ಗೊತ್ತಾಗ್ತಿಲ್ಲ. ಬಸಿರಲ್ಲಿ ಇಷ್ಟು ದೂರ ನಾನು ಯಾವತ್ತೂ ಬಂದಿಲ್ವಲ್ಲ."

ಇಬ್ಬರೂ ಅಲ್ಲೇ ಕೂತೆವು. ಮತ್ತೊಮ್ಮೆ ಮಿಸುಕಿದಾಗ ನನ್ನ ಕೈ ಹಿಡಿದು ಅಲ್ಲಿಟ್ಟರು. ಒದ್ದದ್ದೇ ಅದು.

ಮಳೆಗಾಲದ ಕೊನೆಗೆ ಹೆಣ್ಣು ಕೂಸು ಹುಟ್ಟಿತು. ದಸರೆಗೆ ನಾನು ಬಂದಾಗ ಅದಕ್ಕೆ ವಿಪರೀತ ಜ್ವರ. ಡಾಕ್ಟರನ್ನು ಕರೆತರಲು ಮೂಡಿಗೆರೆಗೆ ಆಳು ಹೋಗಿದ್ದ. ಚಿಕ್ಕಮ್ಮ ಕೂಸಿನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತ, "ಎಲ್ಲಾ ವಾಪಸ್ ಕೊಟ್ಟಿದೀವಲ್ಲ, ಏನೂ ಆಗಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಚಿಕ್ಕಪ್ಪ ನನ್ನನ್ನು ಕಾಫಿ ಒಣಗಿಸುವ ಕಣದ ಕಡೆ ಕರೆದುಕೊಂಡು ಹೋದರು. ಬೆಳಕು ಕಿತ್ತರೆ ಯಾರು ಕೇಳುತ್ತಾರೆ ಎಂದಿದ್ದವರು ಈಗ ನನ್ನನ್ನೇ ಕೇಳಿದರು.

"ಇನ್ನೊಂದು ಪ್ರತಿ ಇತ್ತು ಕೂಸೇ. ಗಿಡದ ಹೆಸರು ಕೇಳಿ ಬೆಂಗಳೂರಿನ ಒಬ್ಬ ಪ್ರೊಫೆಸರ್‌ಗೆ ಕಳಿಸಿದ್ದೆ. ಆಮೇಲೆ ಎರಡು ಸಲ ಬರೆದೆ, ವಾಪಸ್ ಕೊಡಿ ಅಂತ. ಉತ್ತರ ಇಲ್ಲ. ಅದೂ ಲೆಕ್ಕಕ್ಕೆ ಬರುತ್ತೇನೇ? ನೀನು ಓದಿದವಳು, ಹೇಳು."

"ಬರಲ್ಲ ಚಿಕ್ಕಪ್ಪ" ಎಂದೆ. ಚಿಕ್ಕಮ್ಮನಿಗೆ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡೆವು.

ಡಾಕ್ಟರ್ ಬಂದರು, ಜ್ವರ ಇಳಿಯಿತು. ಚಿಕ್ಕಮ್ಮ ತುಂಬು ವಯಸ್ಸಿನಲ್ಲಿ ತೀರಿಕೊಂಡರು, ನಿಶ್ಚಿಂತೆಯಾಗಿ. ಚಿಕ್ಕಪ್ಪ ಅವರಿಗಿಂತ ಮೊದಲೇ ಹೋಗಿದ್ದರು. ಆ ಪಟದ ಹೆದರಿಕೆ ಈಗ ನನ್ನೊಬ್ಬಳದು. ಗಿಡದ ಹೆಸರು ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಸಿಕ್ಕಿತು. ಇಲ್ಲಿ ಬರೆಯುವುದಿಲ್ಲ. ಅದನ್ನೂ ಯಾಕೆ ಹೊರಗೆ ತರಬೇಕು?

ಆ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ. ಹೋದ ತಿಂಗಳು ಮಂಗಳೂರಿನಲ್ಲಿ ಅವಳಿಗೆ ಹಾರ್ಟಿನ ಆಪರೇಷನ್ ಆಯಿತು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ, ಅಜ್ಜಿ ಕಲಿಸಿದ ಶ್ಲೋಕ, ಆ ಹೊತ್ತಿಗೆ ನನ್ನ ಬಾಯಿಗೆ ಯಾವುದೂ ಬರಲಿಲ್ಲ. ಥಿಯೇಟರಿನ ಹೊರಗೆ ಕೂತು ಕಾರ್ಡೇಟ್, ಸೆರೇಟ್, ಗ್ಲಾಬ್ರಸ್ ಎಂದು ಗೊಣಗುತ್ತಿದ್ದೆ, ಒಳಗಿನಿಂದ ಯಾರಾದರೂ ಉತ್ತರ ಕೊಡಲೆಂದು. ಎಚ್ಚರಾದ ಮೇಲೆ ಅವಳು ನನ್ನ ಕೈ ಹಿಡಿದು ನಕ್ಕಳು.

"ಅಕ್ಕಾ, ಆಪರೇಷನ್ ನಂಗಾ, ನಿಮಗಾ? ನನಗಿಂತ ನೀವೇ ನಡುಗ್ತಿದೀರಲ್ಲ!"

"ಎಸಿ ಜಾಸ್ತಿ ಇದೆ" ಎಂದೆ.